ಮುಂದಿನ ವರ್ಷದಿಂದ ನಾನೇ ಮುಖ್ಯ ಶಿಕ್ಷಕಿ: ತರಬೇತಿ ಎಲ್ಲಿ, ಸರ್ಟಿಫಿಕೇಟ್ ಬೇಕಾ?

ಜಗಳೂರು ಸೈನ್ಸ್ ಟೀಚರ್

ಎಲ್ಲರಿಗೂ ನಮಸ್ಕಾರ. ಜಗಳೂರು ತಾಲ್ಲೂಕಿನ ಒಂದು ಖಾಸಗಿ ಶಾಲೆಯಲ್ಲಿ 16 ವರ್ಷದಿಂದ ವಿಜ್ಞಾನ ಪಾಠ ಮಾಡುತ್ತಿದ್ದೇನೆ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಕೆಮಿಸ್ಟ್ರಿ ಮಾಡಿ, ಆಮೇಲೆ ಬಿ.ಇಡಿ. ಮುಗಿಸಿದೆ. ನಮ್ಮದು ಅನುದಾನ ಇಲ್ಲದ ಶಾಲೆ, ಸ್ಟೇಟ್ ಸಿಲಬಸ್. ಒಂದರಿಂದ ಹತ್ತರವರೆಗೆ 420 ಮಕ್ಕಳು, 19 ಜನ ಟೀಚರ್‌ಗಳು.

ನಮ್ಮ ಹೆಡ್‌ಮಾಸ್ಟರ್‌ಗೆ ವಯಸ್ಸಾಯಿತು. ಬರುವ ಮೇ ತಿಂಗಳಲ್ಲಿ ಬಿಡುತ್ತಾರೆ. ಹೋದ ವಾರ ಆಡಳಿತ ಮಂಡಳಿಯ ಕಾರ್ಯದರ್ಶಿ ಕರೆದು, "ಮುಂದಿನ ವರ್ಷದಿಂದ ನೀವೇ ನೋಡ್ಕೊಳ್ಳಿ ಮೇಡಂ" ಎಂದರು. ಖುಷಿಯಾಯಿತು. ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ. ಪಾಠ ಮಾಡಲು ನನಗೆ ಬರುತ್ತದೆ. ಶಾಲೆ ನಡೆಸಲು ಯಾರೂ ಕಲಿಸಿಲ್ಲ. ಬಿ.ಇಡಿ.ಯಲ್ಲಿ ಶಾಲಾ ಆಡಳಿತ ಅಂತ ಒಂದಿಷ್ಟು ಓದಿದ್ದೆ, ಪರೀಕ್ಷೆಗೆ ಬರೆದು ಮರೆತಿದ್ದೂ ಆಯಿತು.

ವಾಟ್ಸಾಪ್‌ನಲ್ಲಿ ಒಬ್ಬರು ಮೂರು ತಿಂಗಳ ಸ್ಕೂಲ್ ಲೀಡರ್‌ಶಿಪ್ ಡಿಪ್ಲೊಮಾ ಇದೆ, 35,000 ರೂಪಾಯಿ ಕಟ್ಟಿ, ಸರ್ಟಿಫಿಕೇಟ್ ಮನೆಗೇ ಬರುತ್ತದೆ ಎನ್ನುತ್ತಿದ್ದಾರೆ. ಅದು ನನ್ನ ಎರಡು ತಿಂಗಳ ಸಂಬಳ. ಕಟ್ಟಲಾ? ಇಲ್ಲ ಎಂ.ಇಡಿ. ಮಾಡಲಾ? ಮುಖ್ಯ ಶಿಕ್ಷಕರಾಗಲು ಲೈಸೆನ್ಸ್ ಥರ ಏನಾದರೂ ಇದೆಯಾ?

ಇನ್ನೊಂದು ವಿಷಯ. ನಮ್ಮಲ್ಲಿ ಹಿಂದಿ ಹೇಳಿಕೊಡುವ ಅಕ್ಕ ನನಗಿಂತ ನಾಲ್ಕು ವರ್ಷ ಸೀನಿಯರ್. ನಾನು ಸೇರಿದ ದಿನ ಊಟದ ಡಬ್ಬಿ ಹಂಚಿಕೊಂಡವರು. ಅವರಿಗೆ ಇದನ್ನು ಹೇಗೆ ಹೇಳಲಿ ಅಂತಲೇ ಗೊತ್ತಾಗುತ್ತಿಲ್ಲ. ದಯವಿಟ್ಟು ಅನುಭವ ಇದ್ದವರು ಬರೆಯಿರಿ.

ಹೊಳಲ್ಕೆರೆ ನಿವೃತ್ತ ಮೇಷ್ಟ್ರು

ಮೇಡಂ, ನಮಸ್ಕಾರ. ಮೊದಲು ಆ 35,000 ಕಟ್ಟಬೇಡಿ. ನಮ್ಮ ರಾಜ್ಯದಲ್ಲಿ ಮುಖ್ಯ ಶಿಕ್ಷಕರಿಗೆ ಅಂತ ಬೇರೆ ಲೈಸೆನ್ಸ್ ಇಲ್ಲ. ಪದವಿ, ಬಿ.ಇಡಿ., ಪಾಠ ಮಾಡಿದ ಅನುಭವ, ಇದನ್ನೇ ನೋಡುತ್ತಾರೆ. ಸರ್ಕಾರಿ ಪ್ರೌಢಶಾಲೆಯಲ್ಲಿ ನಮ್ಮಂಥವರು ಜ್ಯೇಷ್ಠತಾ ಪಟ್ಟಿಯಲ್ಲಿ ಹೆಸರು ಬಂದಾಗ ಬಡ್ತಿ ಪಡೆದು ಕುರ್ಚಿಯಲ್ಲಿ ಕೂತವರು. ತರಬೇತಿ ಆಮೇಲೆ.

ನನ್ನ ಕಥೆ ಹೇಳುತ್ತೇನೆ, ನಿಮಗೆ ಉಪಯೋಗ ಆಗಬಹುದು. 2008ರಲ್ಲಿ ಹೊಸದುರ್ಗ ಕಡೆಯ ಒಂದು ಹಳ್ಳಿಯ ಶಾಲೆಗೆ ಬಡ್ತಿ ಮೇಲೆ ಹೋದೆ. 22 ವರ್ಷ ಗಣಿತ ಹೇಳಿಕೊಟ್ಟಿದ್ದೆ. ಮೂರನೇ ದಿನ ಗುಮಾಸ್ತರು ಒಂದು ಕಟ್ಟು ಕಾಗದ ತಂದಿಟ್ಟರು. ಸಂಬಳದ ಬಿಲ್ಲು, ನಗದು ಪುಸ್ತಕ, ವಿದ್ಯಾರ್ಥಿವೇತನದ ಬಟವಾಡೆ ಪಟ್ಟಿ. "ಇಲ್ಲಿ ಸಹಿ ಸರ್, ಇಲ್ಲಿ ಸಹಿ ಸರ್." ನಾನು ಹಾಕುತ್ತಾ ಹೋದೆ. ಹೊಸಬ, ಕೇಳಿದರೆ ಗೊತ್ತಿಲ್ಲ ಅಂದುಕೊಳ್ಳುತ್ತಾರೆ ಎಂಬ ನಾಚಿಕೆ. ಮುಂದಿನ ವರ್ಷ ಆಡಿಟ್‌ನವರು ಬಂದರು. ಬಟವಾಡೆ ಪಟ್ಟಿಯಲ್ಲಿ ಆರು ಮಕ್ಕಳ ಸಹಿಯೇ ಇಲ್ಲ. ದುಡ್ಡು ಮಕ್ಕಳಿಗೆ ಹೋಗಿತ್ತು, ಸಹಿ ತಗೊಂಡಿರಲಿಲ್ಲ ಅಷ್ಟೇ. ಆದರೆ ಕಾಗದದ ಮೇಲೆ ನಾನೇ ಕೊಟ್ಟಿಲ್ಲ ಎಂದಾಗುತ್ತದೆ. ಆ ಆರು ಮಕ್ಕಳನ್ನು ಹುಡುಕಿಕೊಂಡು ಹೋದೆ. ಇಬ್ಬರು ಬೆಂಗಳೂರಿನಲ್ಲಿ ಗಾರ್ಮೆಂಟ್ಸ್ ಸೇರಿದ್ದರು. ಒಬ್ಬಳಿಗೆ ಹಿರಿಯೂರು ಕಡೆ ಮದುವೆಯಾಗಿತ್ತು, ಹದಿನೇಳು ತುಂಬಿರಲಿಲ್ಲ. ಅವಳ ಮನೆ ಬಾಗಿಲಲ್ಲಿ ನಿಂತಾಗ ನನಗೆ ಆಡಿಟ್ ಮರೆತೇ ಹೋಯಿತು. ಹತ್ತನೇ ತರಗತಿಯಲ್ಲಿ ಮೊದಲ ಬೆಂಚಿನಲ್ಲಿ ಕೂರುತ್ತಿದ್ದ ಹುಡುಗಿ ಅವಳು. ನಾನು ಕಾಗದದಲ್ಲಿ ಮುಳುಗಿದ್ದ ಆ ವರ್ಷ ಅವಳು ಶಾಲೆ ಬಿಟ್ಟಿದ್ದು ನನಗೆ ಗೊತ್ತೇ ಆಗಿರಲಿಲ್ಲ.

ಬಡ್ತಿಯಾಗಿ ಒಂದೂವರೆ ವರ್ಷದ ಮೇಲೆ ಧಾರವಾಡಕ್ಕೆ ತರಬೇತಿಗೆ ಕಳಿಸಿದರು. ಶಾಲಾ ಆಡಳಿತದ ತರಬೇತಿ ಕೊಡುವ ರಾಜ್ಯ ಸರ್ಕಾರದ ಸಂಸ್ಥೆ ಅಲ್ಲಿದೆ, ಆಗ ಸೀಮ್ಯಾಟ್ ಎನ್ನುತ್ತಿದ್ದರು, ಈಗ ಸಿಸ್ಲೆಪ್. ಒಳ್ಳೆಯ ತರಬೇತಿಯೇ. ಆದರೆ ಅಲ್ಲಿ ಹೇಳಿದ್ದರಲ್ಲಿ ಅರ್ಧ ನಾನು ಪೆಟ್ಟು ತಿಂದು ಕಲಿತಾಗಿತ್ತು. ಕುರ್ಚಿಗೆ ಕೂರುವ ಮುಂಚೆ ಒಬ್ಬ ಹಳೇ ಹೆಡ್‌ಮಾಸ್ಟರ್ ಪಕ್ಕದಲ್ಲಿ ಒಂದು ವರ್ಷ ಕೂತಿದ್ದರೆ ಆ ಹುಡುಗಿ ಶಾಲೆಯಲ್ಲೇ ಇರುತ್ತಿದ್ದಳೇನೋ.

ನಿಮಗೆ ಆ ಒಂದು ವರ್ಷ ಇದೆ ಮೇಡಂ. ಈಗ ಜುಲೈ. ಕಾರ್ಯದರ್ಶಿಗಳನ್ನು ಕೇಳಿ, ವಾರಕ್ಕೆ ನಾಲ್ಕು ಪೀರಿಯಡ್ ನಿಮ್ಮ ಟೈಂಟೇಬಲ್‌ನಿಂದ ಬಿಡಿಸಿಕೊಳ್ಳಿ. ಆ ಹೊತ್ತು ನಿಮ್ಮ ಹೆಡ್‌ಮಾಸ್ಟರ್ ಪಕ್ಕ ಕೂರಿ. ದಾಖಲಾತಿ ಪುಸ್ತಕ, ಟಿ.ಸಿ. ಬರೆಯುವುದು, ಎಸ್‌ಎಟಿಎಸ್ ಎಂಬ ರಾಜ್ಯದ ಆನ್‌ಲೈನ್ ವಿದ್ಯಾರ್ಥಿ ದಾಖಲೆಯಲ್ಲಿ ಮಕ್ಕಳ ಹೆಸರು ಏರಿಸುವುದು, ಯುಡೈಸ್ ಎಂಬ ಕೇಂದ್ರದ ಶಾಲಾ ಅಂಕಿಅಂಶಕ್ಕೆ ಕೊಡುವ ಮಾಹಿತಿ, ಎಲ್ಲವನ್ನೂ ನಿಮ್ಮ ಕೈಯಲ್ಲೇ ಮಾಡಿ. ಎಸ್‌ಎಸ್‌ಎಲ್‌ಸಿ ನೋಂದಣಿ ಬಂದಾಗ ಪ್ರತಿ ಮಗುವಿನ ಹೆಸರು, ತಂದೆ ತಾಯಿ ಹೆಸರು, ಹುಟ್ಟಿದ ತಾರೀಖು ಮೂಲ ದಾಖಲೆ ಜೊತೆ ತಾಳೆ ನೋಡಿ. ಒಂದು ಅಕ್ಷರ ತಪ್ಪಿದರೆ ಆ ಮಗು ಮುಂದೆ ವರ್ಷಗಟ್ಟಲೆ ಅಲೆಯುತ್ತದೆ. ಶಾಲೆಯ ಮಾನ್ಯತೆ ನವೀಕರಣದ ಕಡತವನ್ನು ಒಮ್ಮೆ ಪೂರ್ತಿ ಓದಿ. ಕಟ್ಟಡದ ಸುರಕ್ಷತೆ, ಅಗ್ನಿಶಾಮಕದ ಪ್ರಮಾಣಪತ್ರ ಯಾವಾಗ ಮುಗಿಯುತ್ತವೆ ಎಂದು ಬರೆದಿಟ್ಟುಕೊಳ್ಳಿ.

ದುಡ್ಡಿನ ವಿಷಯಕ್ಕೆ ಒಂದೇ ಮಾತು. ನಗದು ಪುಸ್ತಕದಲ್ಲಿ ಅವತ್ತಿನ ಶಿಲ್ಕು, ಅಂದರೆ ಉಳಿದ ದುಡ್ಡು, ಅವತ್ತೇ ನೋಡಿ ಸಹಿ ಮಾಡಿ, ತಿಂಗಳಿಗೊಮ್ಮೆ ಪಾಸ್‌ಬುಕ್ ಜೊತೆ ಹೊಂದಿಸಿ. ಓದದೆ ಯಾವುದಕ್ಕೂ ಸಹಿ ಬೇಡ. "ನಾಳೆ ನೋಡಿ ಹಾಕ್ತೀನಿ" ಎಂದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಕಾಗದ ಕಲಿಯಲು ಆರು ತಿಂಗಳು ಸಾಕು. ಬೇರೆಯವರ ತರಗತಿ ನೋಡುವುದು ಅದಕ್ಕಿಂತ ಕಷ್ಟ. ಹಿಂದಿನ ಬೆಂಚಿನಲ್ಲಿ ಕೂರಿ. ಟೀಚರ್ ಕಡೆ ನೋಡಬೇಡಿ, ಮಕ್ಕಳ ಕಡೆ ನೋಡಿ. ಯಾರು ಬರೆಯುತ್ತಿದ್ದಾರೆ, ಯಾರು ಪಕ್ಕದವರದ್ದು ನೋಡಿ ಬರೆಯುತ್ತಿದ್ದಾರೆ, ಟೀಚರ್ ಪ್ರಶ್ನೆ ಕೇಳಿದಾಗ ಕಣ್ಣು ಕೆಳಗೆ ಹಾಕುವವರು ಯಾರು. ಅದನ್ನಷ್ಟೇ ಬರೆದುಕೊಳ್ಳಿ. ತಪ್ಪು ಒಪ್ಪು ಬರೆಯಬೇಡಿ. ನಾನು ಶುರುವಿನಲ್ಲಿ ತಪ್ಪು ಹುಡುಕಿ ನೋಟ್ಸ್ ಕೊಡುತ್ತಿದ್ದೆ. ಒಬ್ಬ ಒಳ್ಳೆಯ ಇಂಗ್ಲಿಷ್ ಮೇಷ್ಟ್ರು ನನ್ನ ಜೊತೆ ಎಂಟು ತಿಂಗಳು ಸರಿಯಾಗಿ ಮಾತಾಡಲಿಲ್ಲ.

ಹಿಂದಿ ಅಕ್ಕನ ವಿಷಯ. ಆದೇಶ ನೋಟಿಸ್ ಬೋರ್ಡಿಗೆ ಬರುವ ಮುಂಚೆ ಅವರ ಮನೆಗೆ ಹೋಗಿ. ನಿಮ್ಮ ಬಾಯಿಂದಲೇ ಮೊದಲು ಕೇಳಲಿ.

ವಿದ್ಯಾನಗರ ವೈಸ್ ಪ್ರಿನ್ಸಿಪಾಲ್

ನಾನು ದಾವಣಗೆರೆಯಲ್ಲಿ ಒಂದು ಸಿಬಿಎಸ್‌ಇ ಶಾಲೆಯಲ್ಲಿದ್ದೇನೆ. ಮೇಷ್ಟ್ರು ಹೇಳಿದ್ದೆಲ್ಲ ಸರಿ. ಕೋರ್ಸ್‌ಗಳ ಬಗ್ಗೆ ನಾನು ಸ್ವಲ್ಪ ಸೇರಿಸುತ್ತೇನೆ, ಯಾಕಂದರೆ ಎರಡು ವರ್ಷ ಅದರಲ್ಲೇ ಓಡಾಡಿದ್ದೇನೆ.

ದೆಹಲಿಯಲ್ಲಿ ನೀಪಾ ಎಂಬ ಸಂಸ್ಥೆ ಇದೆ, ಶಿಕ್ಷಣದ ಯೋಜನೆ ಮತ್ತು ಆಡಳಿತಕ್ಕೆಂದೇ ಇರುವ ಕೇಂದ್ರ ಸರ್ಕಾರದ ವಿಶ್ವವಿದ್ಯಾಲಯ. 2012ರಲ್ಲಿ ಅಲ್ಲಿ ಶಾಲಾ ನಾಯಕತ್ವಕ್ಕೆ ಒಂದು ರಾಷ್ಟ್ರೀಯ ಕೇಂದ್ರ ಶುರುವಾಯಿತು. ಅವರ ಆನ್‌ಲೈನ್ ಕೋರ್ಸ್‌ಗೆ ನಾನು ದುಡ್ಡು ಕಟ್ಟಲಿಲ್ಲ. ಏಳು ಭಾಗ ಇದೆ. ನನ್ನನ್ನು ಬದಲಿಸಿದ್ದು ಎರಡು: ಕಲಿಕೆ ಕಲಿಸುವಿಕೆ ಬದಲಿಸುವುದು, ತಂಡ ಕಟ್ಟುವುದು. ಉಳಿದದ್ದು ಓದಿಕೊಂಡು ಹೋದೆ. ಸರ್ಕಾರದ ದೀಕ್ಷಾ ಆ್ಯಪ್‌ನಲ್ಲಿ ನಿಷ್ಠಾ ಎಂಬ ಶಿಕ್ಷಕರ ತರಬೇತಿಯ ಮಾಡ್ಯೂಲ್‌ಗಳಿವೆ, ಅದರಲ್ಲೂ ಶಾಲಾ ನಾಯಕತ್ವದ ಪಾಠ ಬರುತ್ತದೆ. ಕನ್ನಡದಲ್ಲಿ ಓದಲು ಅಲ್ಲಿಂದ ಶುರು ಮಾಡಿ.

ಪೂರ್ತಿ ಡಿಪ್ಲೊಮಾನೇ ಬೇಕೆಂದರೆ ಇಗ್ನೋ ಮುಕ್ತ ವಿಶ್ವವಿದ್ಯಾಲಯದಲ್ಲಿ ಶೈಕ್ಷಣಿಕ ನಿರ್ವಹಣೆ ಮತ್ತು ಆಡಳಿತದ ಪಿ.ಜಿ. ಡಿಪ್ಲೊಮಾ ಇದೆ. ಕೆಲಸ ಬಿಡಬೇಕಿಲ್ಲ. ಶಿಕ್ಷಕರ ತರಬೇತಿಯ ಕೋರ್ಸ್‌ಗಳಿಗೆ ನಿಯಮ ಮಾಡುವುದು ಎನ್‌ಸಿಟಿಇ ಎಂಬ ಕೇಂದ್ರದ ಸಂಸ್ಥೆ. ಅದರ 2014ರ ನಿಯಮದಲ್ಲಿ ಎಂ.ಇಡಿ. ಎರಡು ವರ್ಷದ ಕೋರ್ಸ್, ಅದು ಬಿ.ಇಡಿ. ಕಾಲೇಜಿನ ಅಧ್ಯಾಪಕರಿಗಷ್ಟೇ ಅಲ್ಲ, ಶಾಲೆಯ ಪ್ರಿನ್ಸಿಪಾಲರಿಗೂ ಎಂದು ಬರೆದಿದೆ. ಆದರೆ ನಿಮಗೆ ಮೇ ತಿಂಗಳಿಗೆ ಕೆಲಸ ಹೆಗಲಿಗೆ ಬರುತ್ತದೆ. ಈಗ ಎಂ.ಇಡಿ. ಸೇರಿದರೆ ಎರಡೂ ಹಾಳಾಗುತ್ತವೆ. ಇದು ನನ್ನ ಅಭಿಪ್ರಾಯ.

ಆ ವಾಟ್ಸಾಪ್‌ನವರನ್ನು ಒಂದೇ ಪ್ರಶ್ನೆ ಕೇಳಿ: ಸರ್ಟಿಫಿಕೇಟ್ ಮೇಲೆ ಯಾವ ವಿಶ್ವವಿದ್ಯಾಲಯದ ಹೆಸರು ಇರುತ್ತದೆ? ಆ ಹೆಸರು ಯುಜಿಸಿಯ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ, ಪಟ್ಟಿಯಲ್ಲಿ ಇದೆಯಾ ನೋಡಿ. ನನ್ನ ಗೆಳತಿಯೊಬ್ಬಳು ಹಾಗೇ ದುಡ್ಡು ಕಟ್ಟಿದ್ದಳು. ಇಂಟರ್‌ವ್ಯೂನಲ್ಲಿ ಆ ಹಾಳೆಯನ್ನು ನೋಡಿ ಪಕ್ಕಕ್ಕೆ ಇಟ್ಟರು. ಅವಳು ಅತ್ತಿದ್ದು ನನಗೆ ಇನ್ನೂ ನೆನಪಿದೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಟೀಚರ್‌ಗಳಿಗೂ ಮುಖ್ಯಸ್ಥರಿಗೂ ವರ್ಷಕ್ಕೆ ಕನಿಷ್ಠ 50 ಗಂಟೆ ಕಲಿಕೆ ಎಂದಿದೆ. ನಿಮ್ಮ ಶಾಲೆಯಲ್ಲಿ ಯಾರೂ ಕೇಳದಿದ್ದರೂ ನೀವೇ ಒಂದು ಡೈರಿಯಲ್ಲಿ ಗಂಟೆ ಬರೆಯಿರಿ.

ಪಿ.ಜೆ. ಬಡಾವಣೆಯಿಂದ ಡಲ್ಲಾಸ್

ನಾನು ದಾವಣಗೆರೆಯವಳೇ. ಈಗ ಟೆಕ್ಸಾಸ್‌ನ ಡಲ್ಲಾಸ್ ಹತ್ತಿರ ಒಂದು ಶಾಲೆಯಲ್ಲಿ ಅಸಿಸ್ಟೆಂಟ್ ಪ್ರಿನ್ಸಿಪಾಲ್. ಲೈಸೆನ್ಸ್ ಇದೆಯಾ ಎಂದು ಕೇಳಿದಿರಲ್ಲ, ಇಲ್ಲಿ ಇದೆ. ಅದು ಹೇಗಿರುತ್ತದೆ ಅಂತ ಹೇಳುತ್ತೇನೆ.

ಇಲ್ಲಿ ಪ್ರಿನ್ಸಿಪಾಲ್ ಸರ್ಟಿಫಿಕೇಟ್‌ಗೆ ಸ್ನಾತಕೋತ್ತರ ಪದವಿ ಬೇಕು. ಕನಿಷ್ಠ ಎರಡು ವರ್ಷ ತರಗತಿಯಲ್ಲಿ ಪಾಠ ಮಾಡಿರಬೇಕು. ರಾಜ್ಯ ಒಪ್ಪಿದ ತರಬೇತಿ ಕಾರ್ಯಕ್ರಮ ಮುಗಿಸಬೇಕು. ನಾನು ಮಾಡಿದಾಗ ಎರಡು ಪರೀಕ್ಷೆ. ಒಂದು ಕಂಪ್ಯೂಟರ್ ಮುಂದೆ ಕೂತು ಬರೆಯುವುದು, ಅದಕ್ಕೆ 268 ಎಂಬ ಸಂಖ್ಯೆ. ಇನ್ನೊಂದು 368. ಅದರಲ್ಲಿ ಶಾಲೆಯಲ್ಲಿ ನಿಜವಾಗಿ ಮಾಡಿದ ಕೆಲಸವನ್ನೇ ಬರೆದು ಕಳಿಸಬೇಕು. ಟೀಚರ್‌ಗಳ ಜೊತೆ ಸೇರಿ ಕೆಲಸ ಮಾಡಿದ್ದರ ವಿಡಿಯೋ ಕೂಡ. ಆಮೇಲೂ ಐದು ವರ್ಷಕ್ಕೊಮ್ಮೆ ನವೀಕರಣ, ಅಷ್ಟರಲ್ಲಿ 200 ಗಂಟೆ ಕಲಿಕೆ ತೋರಿಸಬೇಕು.

ಆದರೆ ಅಕ್ಕಾ, ನನಗೆ ಕಲಿಸಿದ್ದು ಪರೀಕ್ಷೆಗಳಲ್ಲ, 160 ಗಂಟೆಯ ಪ್ರಾಕ್ಟಿಕಂ. ಒಬ್ಬ ಪ್ರಿನ್ಸಿಪಾಲ್ ಹಿಂದೆ ನೆರಳಿನ ಹಾಗೆ ಓಡಾಡಿದೆ. ಬೆಳಗ್ಗೆ ಬಸ್ ಹತ್ತಿರ ನಿಂತು ಯಾವ ಮಗು ಅತ್ತು ಇಳಿಯುತ್ತದೆ ನೋಡುವುದು. ಊಟದ ಸಾಲಿನಲ್ಲಿ ತಟ್ಟೆ ಖಾಲಿ ಹಿಡಿದು ಕೂತವರನ್ನು ನೋಡುವುದು. ಸಿಟ್ಟಿನಿಂದ ಬಂದ ಅಪ್ಪನನ್ನು ಮೊದಲು ಕೂರಿಸಿ, ನೀರು ಕೊಟ್ಟು, ಹತ್ತು ನಿಮಿಷ ಸುಮ್ನೆ ಕೇಳಿಸಿಕೊಳ್ಳುವುದು. ಮೇಷ್ಟ್ರು ನಿಮಗೆ ಹೇಳಿದ್ದೂ ಇದನ್ನೇ ಅಲ್ವಾ? ಇಲ್ಲಿ ಅದಕ್ಕೆ ಗಂಟೆ ಲೆಕ್ಕ ಇದೆ, ಒಬ್ಬರು ಬಂದು ನೋಡಿ ಸಹಿ ಮಾಡುತ್ತಾರೆ. ಅಷ್ಟೇ ವ್ಯತ್ಯಾಸ.

ಜಗಳೂರು ಸೈನ್ಸ್ ಟೀಚರ್

ಮೂರು ವಾರ ಆಯಿತು, ಏನಾಯಿತು ಎಂದು ಹೇಳಲೇಬೇಕು. 35,000 ಕಟ್ಟಲಿಲ್ಲ. ವಿಶ್ವವಿದ್ಯಾಲಯದ ಹೆಸರು ಕೇಳಿದ ಮೇಲೆ ಅವರ ಮೆಸೇಜೇ ನಿಂತಿತು. ಕಾರ್ಯದರ್ಶಿಗಳು ನಾಲ್ಕು ಪೀರಿಯಡ್ ಬಿಡಿಸಿಕೊಟ್ಟರು. ಡೈರಿಯಲ್ಲಿ 160 ಎಂದು ಮೇಲೆ ಬರೆದಿದ್ದೇನೆ. ಈವರೆಗೆ 9 ಗಂಟೆ.

ಹಿಂದಿ ಅಕ್ಕನ ಮನೆಗೂ ಹೋಗಿದ್ದೆ. ಭಾನುವಾರ ಬೆಳಗ್ಗೆ. ಅವರು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ "ನನ್ನನ್ನು ಯಾರೂ ಕೇಳಲೇ ಇಲ್ಲ" ಎಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವಲಕ್ಕಿ ಕೊಟ್ಟರು, ತಿಂದು ಬಂದೆ.

ಆಮೇಲೆ ಎಂಟನೇ ತರಗತಿಯಲ್ಲಿ ಹಿಂದೆ ಕೂತಿದ್ದೆ, ಸಮಾಜ ಪಾಠ. ಮೂರನೇ ಸಾಲಿನ ಒಬ್ಬ ಹುಡುಗ ಇಡೀ ಪೀರಿಯಡ್ ಪಕ್ಕದವನ ಪುಸ್ತಕ ನೋಡಿ ಬರೆಯುತ್ತಿದ್ದ. ಬೋರ್ಡ್ ಕಡೆ ಒಮ್ಮೆಯೂ ನೋಡಲಿಲ್ಲ. ಆಮೇಲೆ ಕರೆದು ಕೇಳಿದರೆ ಬೋರ್ಡಿನ ಮೇಲಿನ ಅಕ್ಷರ ಕಾಣುವುದಿಲ್ಲವಂತೆ. ನಾನು ಎರಡು ತಿಂಗಳಿಂದ ಅವನಿಗೆ ವಿಜ್ಞಾನ ಹೇಳುತ್ತಿದ್ದೇನೆ. ನನಗೆ ಗೊತ್ತಾಗಿರಲಿಲ್ಲ. ಅವನ ಅಮ್ಮನ ಜೊತೆ ಮಾತಾಡಿ ಕಣ್ಣಿನ ಡಾಕ್ಟರ ಹತ್ತಿರ ಕಳಿಸಿದ್ದಾಯಿತು.

ಮೇಷ್ಟ್ರೇ, ಈಗ ಒಂದು ಕಷ್ಟ. ಅಕ್ಕನ ತರಗತಿಗೆ ಹೋಗಿ ಹೇಗೆ ಕೂರಲಿ? ಅವರನ್ನು ಅಳೆಯಲು ಬಂದೆ ಅಂದುಕೊಳ್ಳುತ್ತಾರೆ.

ಹೊಳಲ್ಕೆರೆ ನಿವೃತ್ತ ಮೇಷ್ಟ್ರು

ಈಗಲೇ ಹೋಗಬೇಡಿ ಮೇಡಂ. ಮೊದಲು ಅವರನ್ನು ನಿಮ್ಮ ತರಗತಿಗೆ ಕರೆಯಿರಿ. ನಿಮಗೆ ಸರಿಯಾಗಿ ಹೇಳಲು ಬರದ ಪಾಠಕ್ಕೇ ಕರೆಯಿರಿ. ಅವರು ಹಿಂದೆ ಕೂತು ನೋಡಲಿ. ಆಮೇಲೆ ಸ್ಟಾಫ್ ರೂಮಿನಲ್ಲಿ ಅವರು ಏನು ಹೇಳಿದರೂ ಬರೆದುಕೊಳ್ಳಿ. ಎದುರು ಮಾತಾಡಬೇಡಿ. ಆ ಹುಡುಗನಿಗೆ ಕನ್ನಡಕ ಬಂತಾ?

ಜಗಳೂರು ಸೈನ್ಸ್ ಟೀಚರ್

ಬಂತು ಸರ್, ಸೋಮವಾರ ಹಾಕಿಕೊಂಡು ಬಂದಿದ್ದ. ಹತ್ತನೇ ತರಗತಿಯ ಆಮ್ಲ, ಪ್ರತ್ಯಾಮ್ಲ, ಲವಣ ಪಾಠಕ್ಕೆ ಅಕ್ಕನನ್ನು ಕರೆದೆ. ಪಿಎಚ್ ಹೇಳುವಾಗ ಪ್ರತಿ ವರ್ಷ ಅರ್ಧ ತರಗತಿಗೆ ಅರ್ಥವೇ ಆಗುವುದಿಲ್ಲ. ಬರುತ್ತೇನೆ ಎಂದಿದ್ದಾರೆ. ಗುರುವಾರ, ಮೂರನೇ ಪೀರಿಯಡ್.