ಗ್ರೀಕ್ ನಾಟಕ ಓದಿದವರು ಯಾರಾದರೂ ಇದ್ದೀರಾ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಎಂಎ ಪರೀಕ್ಷೆ, ಗ್ರೀಕ್ ರುದ್ರನಾಟಕ ಒಂದು ಪೂರ್ತಿ ಪೇಪರ್ ಇದೆ. ಸೊಫೋಕ್ಲಿಸ್‌ನ ಥೀಬ್ಸ್ ನಾಟಕಗಳನ್ನು (ಥೀಬ್ಸ್ ನಗರದ ರಾಜಮನೆತನದ ಕಥೆಯ ಮೂರು ನಾಟಕಗಳು) ಯಾವ ಕ್ರಮದಲ್ಲಿ ಓದಲಿ? ಕಥೆ ಹಿಡಿದು ಹೋದರೆ ಈಡಿಪಸ್ ಮೊದಲು, ಆಂಟಿಗೊನೆ ಕೊನೆಗೆ. ಆದರೆ ಅವನು ಮೊದಲು ಬರೆದದ್ದೇ ಆಂಟಿಗೊನೆ, 'ಕೊಲೋನಸ್‌ನಲ್ಲಿ ಈಡಿಪಸ್' ರಂಗಕ್ಕೆ ಬಂದದ್ದು ಅವನು ಸತ್ತ ಮೇಲೆ, ಕ್ರಿ.ಪೂ. 401ರಲ್ಲಿ. ಮೂರನ್ನೂ ತ್ರಿವಳಿ (ಒಟ್ಟಿಗೆ ಆಡಲೆಂದೇ ಬರೆದ ಮೂರು ನಾಟಕಗಳು) ಅಂತ ಕರೆಯೋದು ಸರಿಯಲ್ಲ ಅಲ್ವಾ? ಪೂರ್ತಿ ಉಳಿದಿರುವ ತ್ರಿವಳಿ ಈಸ್ಕಿಲಸ್‌ನ ಒರೆಸ್ಟಿಯಾ ಒಂದೇ.

ನನಗೆ ಜಾಸ್ತಿ ತಲೆನೋವು ಮೇಳದ್ದು (ಕೋರಸ್, ನಾಟಕದ ನಡುವೆ ಹಾಡಿ ಕುಣಿಯುವ ಗುಂಪು). ಒರೆಸ್ಟಿಯಾದ ಮೊದಲ ನಾಟಕ ಅಗಮೆಮ್ನಾನ್‌ನಲ್ಲಿ ಮೊದಲ ಮೇಳಗೀತೆಯೇ ಪುಟಗಟ್ಟಲೆ ಇದೆ, ಅಗಮೆಮ್ನಾನ್ ತನ್ನ ಮಗಳು ಇಫಿಜೀನಿಯಾಳನ್ನು ಬಲಿ ಕೊಟ್ಟ ಕಥೆ ಅಲ್ಲೇ ಬರುವುದರಿಂದ ಹಾರಿಸಿ ಓದಲೂ ಆಗುವುದಿಲ್ಲ. ಹಾಡಿ ಕುಣಿಯಲೆಂದು ಬರೆದದ್ದು, ಸುಮ್ನೆ ಕಣ್ಣಲ್ಲಿ ಓದಿದರೆ ತಲೆಗೆ ಹತ್ತುತ್ತಿಲ್ಲ. ರಂಗದ ಮೇಲೆ ಮಾಡಿದವರು ಇದ್ದರೆ ಮೇಳವನ್ನು ಹೇಗೆ ನಿಭಾಯಿಸಿದಿರಿ ಹೇಳಿ. ಯೂರಿಪಿಡಿಸ್ ಪರವಾಗಿಲ್ಲ, ಮೆಡಿಯಾ ಒಂದೇ ಉಸಿರಿಗೆ ಓದಿಸಿಕೊಂಡಿತು. (ಕ್ರಿ.ಪೂ. 431ರ ಸ್ಪರ್ಧೆಯಲ್ಲಿ ಅವನಿಗೆ ಮೂರನೇ ಸ್ಥಾನ ಅಂತೆ, ಇದ್ದದ್ದೇ ಮೂರು ಜನ!)

ಇನ್ನೊಂದು ವಿಷಯ. ಬಿಎಂಶ್ರೀ ಅವರ 'ಪಾರಸಿಕರು' ಮತ್ತು 'ಅಶ್ವತ್ಥಾಮನ್' ಎರಡೂ ಬೇಕು. ಎರಡನೆಯದು ಸೊಫೋಕ್ಲಿಸ್‌ನ ಏಜಾಕ್ಸ್ ಆಧರಿಸಿದ್ದು, ಮೂಲದ ಜೊತೆ ಇಟ್ಟು ಓದಬೇಕು ಅಂತ ಆಸೆ. ಲಂಕೇಶರ ಈಡಿಪಸ್ ನನ್ನ ಹತ್ತಿರ ಇದೆ, ಬೇಕಿದ್ದವರಿಗೆ ಕೊಡುತ್ತೇನೆ. ಬೆಂಗಳೂರಿನಲ್ಲಿ ಯಾವ ಲೈಬ್ರರಿಯಲ್ಲಿ ಇವು ಸಿಗಬಹುದು?