‘ಆರ್ಟಿಫಿಶಿಯಲ್ ಲಿಫ್ಟ್’ಗೆ ‘ಏತ’ ಸಾಕೇ?

ಎಲ್ಲರಿಗೂ ನಮಸ್ಕಾರ.

ಡಿಪ್ಲೊಮಾ ಓದುವ ಮಕ್ಕಳಿಗಾಗಿ ಎಣ್ಣೆಬಾವಿಗಳ ಬಗ್ಗೆ ಪಾಠ ಬರೆಯುತ್ತಿದ್ದೇನೆ. ‘ಆರ್ಟಿಫಿಶಿಯಲ್ ಲಿಫ್ಟ್’ ಅನ್ನೋ ಪದ ಬಂದಾಗ ಪೆನ್ನು ನಿಂತಿತು.

ಬಾವಿ ಹೊಸದಿದ್ದು, ನೆಲದೊಳಗೆ ಒತ್ತಡ ಜಾಸ್ತಿ ಇದ್ದರೆ ಕಚ್ಚಾ ಎಣ್ಣೆ ತಾನಾಗಿಯೇ ಮೇಲೆ ಬರುತ್ತದೆ. ಬರಬರುತ್ತಾ ಒತ್ತಡ ಇಳಿಯುತ್ತದೆ. ಎರಡು ಮೂರು ಕಿಲೋಮೀಟರ್ ಕೊಳವೆಯಲ್ಲಿ ನಿಂತ ಎಣ್ಣೆಯ ಭಾರವನ್ನು ಅದು ತಳ್ಳಲಾರದು. ಆಗ ನಾವು ಎತ್ತಬೇಕು. ‘ಕೃತಕ ಎತ್ತುವಿಕೆ’ ಅಂತ ಬರೆದು ನೋಡಿದೆ, ಹಿಡಿಸಲಿಲ್ಲ. ಕೃತಕ ಅಂದ ಕೂಡಲೇ ಕೃತಕ ಹಲ್ಲು, ಕೃತಕ ಹೂವು ನೆನಪಾಗುತ್ತವೆ. ಇಲ್ಲಿ ಎತ್ತುವುದು ಅಸಲಿಯೇ ಅಲ್ವಾ?

ನನಗೆ ತೋಚಿದ್ದು ‘ಏತ’, ಅಂದರೆ ಬಾವಿಯಿಂದ ನೀರೆತ್ತಲು ಬಳಸುತ್ತಿದ್ದ ಮರದ ತೊಲೆಯ ಸಾಧನ. ‘ಏತ ನೀರಾವರಿ’ ಅಂತ ಪತ್ರಿಕೆಯಲ್ಲಿ ಓದುತ್ತಲೇ ಇರುತ್ತೇವೆ. ಅಲ್ಲೀಗ ಮರದ ತೊಲೆ ಇಲ್ಲ, ಇರುವುದು ದೊಡ್ಡ ದೊಡ್ಡ ಮೋಟರು. ಆದರೂ ಪದ ಗಟ್ಟಿಯಾಗಿ ನಿಂತಿದೆ. ಗುಜರಾತಿನ ಮೆಹಸಾಣಾ ಕಡೆ ಹೊಲಗಳ ನಡುವೆ ತಲೆಯಾಡಿಸುವ ಎಣ್ಣೆಪಂಪುಗಳಂತೂ ನೋಡುವುದಕ್ಕೂ ಏತವೇ.

ಅವುಗಳ ಒಳಗಿನ ಕೆಲಸ ನಮ್ಮ ಬೋರಿಂಗಿನದ್ದು, ಅಂದರೆ ಕೈಪಂಪಿನದ್ದು. ಚಿಕ್ಕಂದಿನಲ್ಲಿ ಶಾಲೆ ಮುಂದಿನ ಬೋರಿಂಗ್ ಕೆಟ್ಟರೆ ರಿಪೇರಿಯವರು ರಾಡುಗಳನ್ನು ಒಂದೊಂದಾಗಿ ಎಳೆದು, ಬಿಚ್ಚಿ, ನೆಲದ ಮೇಲೆ ಸಾಲಾಗಿ ಮಲಗಿಸುತ್ತಿದ್ದರು. ಕೊನೆಗೆ ಸವೆದ ವಾಷರ್ ಹೊರಗೆ ಬರುತ್ತಿತ್ತು. ಎಣ್ಣೆಬಾವಿಯಲ್ಲೂ ಹೀಗೇ, 25 ಅಡಿಯ ರಾಡುಗಳನ್ನು ಒಂದಕ್ಕೊಂದು ತಿರುಗಿಸಿ ಕೂಡಿಸಿ ಇಳಿಸುತ್ತಾರೆ. ತೀರಾ ಆಳವಾದರೆ ರಾಡುಗಳ ಭಾರವೇ ಹೊರೆ. ಎಳೆದಾಗ ಅವು ಹಿಗ್ಗುತ್ತವೆ, ಮೇಲೆ ಎಳೆದ ದೂರವೆಲ್ಲ ತಳದ ಪಂಪಿಗೆ ಮುಟ್ಟುವುದಿಲ್ಲ. ಮೋಟರನ್ನೇ ಕೆಳಗೆ ಇಳಿಸಿದರೆ ರಾಡಿನ ಗೊಡವೆಯೇ ಇಲ್ಲ. 1920ರ ದಶಕದಲ್ಲೇ ಅಮೆರಿಕದ ಕಾನ್ಸಾಸ್‌ನ ಎಲ್ ಡೊರಾಡೊದಲ್ಲಿ ಹಾಗೆ ಮಾಡಿದರು. ನಮ್ಮ ತೋಟಗಳ ಸಬ್‌ಮರ್ಸಿಬಲ್ ಪಂಪೂ ಅದೇ ಜಾತಿಯದು. ಇವೆರಡಕ್ಕೂ ‘ರಾಡೇತ’, ‘ಮುಳುಗೇತ’ ಅಂತ ಬರೆದುಕೊಂಡಿದ್ದೇನೆ.

ತೊಡಕು ಇರುವುದು ಗ್ಯಾಸ್ ಲಿಫ್ಟಿನಲ್ಲಿ. ಬಾಂಬೆ ಹೈ ಸಮುದ್ರದ ಬಾವಿಗಳಲ್ಲಿ ಇದರ ಬಳಕೆ ಇದೆ. ಒತ್ತಡದ ಗ್ಯಾಸನ್ನು ಕೊಳವೆಯ ಹೊರಸುತ್ತಿನಲ್ಲಿ ಇಳಿಸಿ, ಆಳದಲ್ಲಿ ಎಣ್ಣೆಯೊಳಕ್ಕೆ ಬಿಡುತ್ತಾರೆ. ಗುಳ್ಳೆ ಬೆರೆತ ಎಣ್ಣೆ ಹಗುರಾಗುತ್ತದೆ. ಆಮೇಲೆ ನೆಲದಲ್ಲಿ ಉಳಿದಿರುವ ಒತ್ತಡವೇ ಅದನ್ನು ಮೇಲಕ್ಕೆ ನೂಕುತ್ತದೆ. ನೀರು ಕಮ್ಮಿಯಾದ ಬೋರ್‌ವೆಲ್‌ಗೆ ಕಂಪ್ರೆಸರ್ ಕೂರಿಸುತ್ತಾರಲ್ಲ, ಅದೇ ಉಪಾಯ. ಇಲ್ಲಿ ಎತ್ತುವುದಕ್ಕಿಂತ ಹಗುರ ಮಾಡುವುದೇ ಮುಖ್ಯ. ಹಾಗಿರುವಾಗ ‘ಗ್ಯಾಸೇತ’ ಅಂದರೆ ಸರಿಹೋಗುತ್ತದೆಯೇ? ಕಂಪ್ರೆಸರ್ ಬೋರಿನಲ್ಲಿ ನೀರು ತೆಗೆಯುವುದಕ್ಕೆ ನಿಮ್ಮ ಊರಿನ ರೈತರು ಏನನ್ನುತ್ತಾರೆ? ಅವರ ಬಾಯಲ್ಲಿ ಒಳ್ಳೆಯ ಪದ ಇದ್ದರೆ ನನ್ನದನ್ನು ಖುಷಿಯಿಂದ ಬಿಡುತ್ತೇನೆ.

ಇನ್ನೊಂದು ಮಾತು. ತಾನಾಗಿ ಎಣ್ಣೆ ಬರುವ ಬಾವಿಗೆ ‘ಉಕ್ಕುಬಾವಿ’ ಅಂತ ಬರೆದಿದ್ದೆ. ಕರಡು ಓದಿದ ಹುಡುಗಿ, “ಸ್ಟೀಲಿನ ಬಾವಿನಾ ಸರ್?” ಅಂತ ಕೇಳಿದಳು. ‘ಚಿಲುಮೆ ಬಾವಿ’ ಮಾಡಲೇ?