ಹೊಸದಾಗಿ ವಿಸ್ಕಿ ಶುರು ಮಾಡಿದವರಿಗೆ ಸ್ಮೂತ್ ಆಗಿರೋದು ಯಾವುದು?

ಹೊಸ_ಗ್ಲಾಸು:
ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಬಿಯರ್ ಬಿಟ್ಟು ಬೇರೆ ಮುಟ್ಟಿದವನಲ್ಲ, ಈಚೆಗೆ ವಿಸ್ಕಿ ಕಡೆ ಮನಸ್ಸಾಗಿದೆ. ಗೆಳೆಯನೊಬ್ಬ ಮೊದಲು ಕೊಟ್ಟಿದ್ದು ಸ್ಕಾಟ್ಲೆಂಡಿನ ಐಲಾ ದ್ವೀಪದ ಹೊಗೆ ವಾಸನೆಯ ಸಿಂಗಲ್ ಮಾಲ್ಟ್ (ಒಂದೇ ಕಾರ್ಖಾನೆಯಲ್ಲಿ ಮೊಳಕೆ ಬಾರ್ಲಿಯಿಂದ ಮಾಡಿದ ವಿಸ್ಕಿ). ಮೂಗಿನ ಹತ್ತಿರ ತಂದರೆ ಆಸ್ಪತ್ರೆ ವಾರ್ಡಿನ ವಾಸನೆ, ನುಂಗಿದರೆ ಗಂಟಲಿಂದ ಎದೆವರೆಗೂ ಉರಿ. ಆದರೆ ಆಮೇಲೆ ಬಾಯಲ್ಲಿ ಉಳಿದ ಸಿಹಿ ತುಂಬಾ ಹಿಡಿಸ್ತು, ಅದಕ್ಕೇ ಬಿಡೋಕೆ ಮನಸ್ಸಿಲ್ಲ. ಉರಿ ಕಡಿಮೆ ಇರಬೇಕು, ಹೊಗೆ ಬೇಡ, ನಿಧಾನಕ್ಕೆ ಗುಟುಕರಿಸೋ ಹಾಗಿರಬೇಕು. ಕೋಲಾ, ಸೋಡಾ ಬೆರೆಸೋಕೆ ಇಷ್ಟ ಇಲ್ಲ. ಒಂದೇ ಒಂದು ಬಾಟಲಿ ಹೇಳಿ.

ಮೂರು_ಭಟ್ಟಿ:
ಯೋಚನೆನೇ ಬೇಡ, ಐರಿಶ್ ತಗೊಳ್ಳಿ. ಸ್ಕಾಚ್ ಮಾಲ್ಟನ್ನ ಸಾಮಾನ್ಯವಾಗಿ ಎರಡು ಸಲ ಭಟ್ಟಿ ಇಳಿಸ್ತಾರೆ, ಐರಿಶ್ ಮೂರು ಸಲ. ಪ್ರತಿ ಸಲವೂ ಭಾರದ, ಒರಟು ಅಂಶ ಹಂಡೆಯಲ್ಲೇ ಹಿಂದುಳಿಯುತ್ತೆ, ಹಗುರವಾದದ್ದು ಮೇಲೆ ಬರುತ್ತೆ. ಜೇಮ್ಸನ್‌ನಿಂದ ಶುರು ಮಾಡಿ, ಹಿಡಿಸಿದರೆ ಬುಶ್‌ಮಿಲ್ಸ್ 10 ವರ್ಷದ್ದು ನೋಡಿ. ಐರಿಶ್ ಅಂದ್ರೆ ಸ್ಮೂತ್, ಅಷ್ಟೇ.

ಹೊಗೆ_ಪ್ರಿಯ:
"ಐರಿಶ್ ಅಂದ್ರೆ ಸ್ಮೂತ್, ಅಷ್ಟೇ" ಅಂತ ಷರಾ ಬರೆದುಬಿಟ್ರಲ್ಲ ಮಾರಾಯ್ರೆ! ಕಾನೆಮಾರಾ ಅಂತ ಉಂಟು, ಐರಿಶ್ಶೇ, ಪೀಟ್ (ಜೌಗು ನೆಲದಿಂದ ಅಗೆದು ಒಣಗಿಸಿ ಉರಿಸುವ ಮಣ್ಣು) ಹೊಗೆ ಹಿಡಿಸಿದ್ದು, ಎರಡೇ ಸಲ ಭಟ್ಟಿ ಇಳಿಸಿದ್ದು. ಇತ್ತ ಸ್ಕಾಟ್ಲೆಂಡಿನಲ್ಲೇ ಆಕೆಂಟಾಶನ್ ಮೂರು ಸಲ ಇಳಿಸ್ತದೆ. ದೇಶ ನೋಡಿ ಬಾಟಲಿ ಆರಿಸುವುದು ದಾರಿಯೇ ಅಲ್ಲ.

ಮತ್ತೆ, ಹೊಗೆಗೂ ಉರಿಗೂ ಸಂಬಂಧ ಇಲ್ಲ. ಮೊಳಕೆ ಬರಿಸಿದ ಬಾರ್ಲಿಯನ್ನು ಪೀಟ್ ಬೆಂಕಿಯಲ್ಲಿ ಒಣಗಿಸಿದಾಗ ಫೀನಾಲ್‌ಗಳು ಅಂಟಿಕೊಳ್ತವೆ, ಹೊಗೆ ವಾಸನೆ ಅದರಿಂದ. ಉರಿ ಆಲ್ಕೋಹಾಲಿನದ್ದು. ಐಲಾ ಅಂದ ಕೂಡಲೇ ಹೆದರುವುದೂ ಬೇಡ, ಅಲ್ಲೇ ಬುನ್ನಹಾವೆನ್ 12 ಉಂಟು, ಹೊಗೆ ಇಲ್ಲವೆಂಬಷ್ಟು ಕಡಿಮೆ.

ಮೂರು_ಭಟ್ಟಿ:
ಒಂದು ಕಾನೆಮಾರಾ ಹಿಡ್ಕೊಂಡು ಇಡೀ ಐರ್ಲೆಂಡನ್ನ ಅಳೆಯೋದು ಯಾವ ನ್ಯಾಯ? ಅದು ಅಪವಾದ, ನಿಯಮ ಅಲ್ಲ. ಬುನ್ನಹಾವೆನ್ ಅಂತೀರಲ್ಲ, ಅದರಲ್ಲಿ ಆಲ್ಕೋಹಾಲ್ 46.3%. ಉರಿ ಬೇಡ ಅಂದವರಿಗೆ 40% ಬಿಟ್ಟು ಅದನ್ನ ಕೊಡ್ತೀರಾ?

ಜೋಳದ_ಪೀಪಾಯಿ:
ರೀ, ಸಿಹಿ ಹಿಡಿಸ್ತು ಅಂದಾರ ಅವರು, ಆ ಮಾತು ಯಾರೂ ಕಿವಿಗೆ ಹಾಕ್ಕೋವಲ್ರಿ. ಸಿಹಿ ಬೇಕಂದ್ರ ಬರ್ಬನ್. ಕಡಿಮಿ ಅಂದ್ರೂ 51% ಮೆಕ್ಕೆಜೋಳ ಇರಬೇಕು, ಒಳಗ ಸುಟ್ಟ ಹೊಸಾ ಓಕ್ ಪೀಪಾಯಿನ ಬಳಸಬೇಕು ಅಂತ ಅಮೆರಿಕದ ಕಾನೂನ ಅದ. ಆ ಸುಟ್ಟ ಕಟ್ಟಿಗಿಯಿಂದ ವೆನಿಲಾ, ಕ್ಯಾರಮೆಲ್ ವಾಸನಿ ಇಳಿತದ. ಮೇಕರ್ಸ್ ಮಾರ್ಕ್ ತಗೋರಿ. ಅದರಾಗ ರೈ ಅನ್ನೂ ಧಾನ್ಯದ ಬದಲಿ ಗೋಧಿ ಹಾಕ್ತಾರ, ಅದಕ್ಕ ಖಾರ ಕಡಿಮಿ.

ಸಾದಾ_ಬ್ಲೆಂಡ್:
ಬ್ಲೆಂಡ್ ಹೆಸರು ಯಾರೂ ಎತ್ತಲ್ವಲ್ಲ. ಸ್ಕಾಟ್ಲೆಂಡಿನಿಂದ ಹೊರಹೋಗೋ ವಿಸ್ಕಿಯಲ್ಲಿ ಬಹುಪಾಲು ಬ್ಲೆಂಡೇ. ಮಾಲ್ಟಿನ ಜತೆ ಗೋಧಿ, ಮೆಕ್ಕೆಜೋಳದಂಥ ಧಾನ್ಯದಿಂದ ಮಾಡಿದ ಹಗುರವಾದ ಗ್ರೇನ್ ವಿಸ್ಕಿ ಸೇರಿಸೋದ್ರಿಂದ ಮೂಲೆ ಮೊನಚು ಕರಗುತ್ತೆ. ಚಿವಾಸ್ ರೀಗಲ್ 12 ತಗೊಳ್ಳಿ. ಜಾನಿ ವಾಕರ್ ಬ್ಲ್ಯಾಕ್ ಲೇಬಲ್ ಅಂತ ಎಲ್ಲರೂ ಹೇಳ್ತಾರೆ, ಒಳ್ಳೇದೇ, ಆದರೆ ಅದರಲ್ಲಿ ತೆಳುವಾಗಿ ಹೊಗೆ ಇದೆ.

ನೀಟ್_ನಾಗಣ್ಣ:
ಗುರು, ಇಲ್ಲಿ ಎಲ್ಲರೂ ಸುತ್ತಿ ಬಳಸಿ ಮಾತಾಡ್ತಿದ್ದಾರೆ. ಸ್ಮೂತ್ ಮಾಡೋದು ವಯಸ್ಸು. ಪೀಪಾಯಲ್ಲಿ ಕೂತಷ್ಟೂ ಪಳಗುತ್ತೆ. 12 ವರ್ಷಕ್ಕಿಂತ ಕಡಿಮೆದು ಮುಟ್ಟಬೇಡ, ಸಾಧ್ಯವಾದ್ರೆ 18ಕ್ಕೆ ಹೋಗು. ನೀಟ್ ಕುಡಿ, ಅಂದ್ರೆ ಏನೂ ಬೆರೆಸದೆ. ಸಣ್ಣ ಗುಟುಕು ತಗೊಂಡು ನಾಲಿಗೆ ಮೇಲೆ ಸ್ವಲ್ಪ ಹೊತ್ತು ಇಟ್ಟು ಆಮೇಲೆ ನುಂಗು, ಉರಿ ತಾನೇ ಹೋಗುತ್ತೆ. ನೀರು ಹಾಕಿದ್ಯೋ, ವಿಸ್ಕಿ ಮಾಡಿದವನ ಕೆಲಸ ಹಾಳು ಮಾಡಿದ ಹಾಗೆ.

ತಾಮ್ರದ_ಹಂಡೆ:
"ನೀರು ಹಾಕಿದ್ಯೋ, ಮಾಡಿದವನ ಕೆಲಸ ಹಾಳು"? ನಾಗಣ್ಣ, ಮೊದಲು ನೀರು ಹಾಕೋದೇ ಅವನು. ಸ್ಕಾಚ್ ಪೀಪಾಯಿಗೆ ಹೋಗೋದು ಸಾಮಾನ್ಯವಾಗಿ 63.5% ಹತ್ತಿರ. ವರ್ಷ ಕಳೆದ ಮೇಲೂ 40ಕ್ಕೆ ತಾನಾಗಿ ಇಳಿಯೋದು ಅಪರೂಪ. ಬಾಟಲಿ ತುಂಬೋವಾಗ ನೀರು ಸೇರಿಸಿ ಇಳಿಸ್ತಾರೆ. ನೀವು ನೀಟ್ ಅಂತ ಕುಡಿಯೋದರಲ್ಲಿ ಆಗಲೇ ನೀರಿದೆ. ಬ್ಲೆಂಡ್ ಮಾಡೋರು ಸ್ಯಾಂಪಲ್ ಮೂಸೋದೂ 20% ಆಸುಪಾಸಿಗೆ ಇಳಿಸಿಯೇ.

ಹೊಸ ಗ್ಲಾಸು ಅವರೇ, 60 ಮಿಲಿ 40% ವಿಸ್ಕಿಗೆ 20 ಮಿಲಿ ನೀರು ಹಾಕಿದರೆ 30% ಆಗುತ್ತೆ. ನಿಮ್ಮ ಉರಿ ಸಮಸ್ಯೆ ಅಲ್ಲೇ ಮುಕ್ಕಾಲು ಪಾಲು ತೀರುತ್ತೆ, ಬಾಟಲಿ ಯಾವುದಾದರೂ ಆಗಲಿ.

ನೀಟ್_ನಾಗಣ್ಣ:
20%ಗೆ ಇಳಿಸಿ ಮೂಸೋದು ದೋಷ ಹುಡುಕೋಕೆ ಮೇಡಂ, ಸಂತೋಷಪಡೋಕಲ್ಲ. ಅದು ಕೆಲಸ. ಮನೇಲಿ ಕೂತು ಕುಡಿಯೋನು ಯಾಕೆ ಹಾಗೆ ಮಾಡಬೇಕು? ಮತ್ತೆ ಅವರು ಹಾಕೋದು ಲವಣ ತೆಗೆದ ಶುದ್ಧ ನೀರು, ನಲ್ಲಿ ತಿರುಗಿಸಿ ಹಿಡಿದದ್ದಲ್ಲ.

ತಾಮ್ರದ_ಹಂಡೆ:
ಶುದ್ಧ ನೀರು ಆದ್ರೆ ಸರಿ ಅಂತ ಒಪ್ಪಿದ್ರಿ ಹಾಗಾದ್ರೆ. ಮುಂದಿನದು ಕೇಳಿ. 2017ರಲ್ಲಿ ಸ್ವೀಡನ್ನಿನ ಲಿನೇಯಸ್ ವಿಶ್ವವಿದ್ಯಾಲಯದ ಇಬ್ಬರು ವಿಜ್ಞಾನಿಗಳು ಈ ಬಗ್ಗೆನೇ ಬರೆದಿದ್ದಾರೆ. ಗ್ವಾಯಕಾಲ್ ಅನ್ನೋ ರುಚಿಯ ಅಣು 45%ವರೆಗಿನ ಮಿಶ್ರಣದಲ್ಲಿ ಮೇಲ್ಮೈಗೆ ಬಂದು ನಿಲ್ಲುತ್ತೆ, 59% ದಾಟಿದರೆ ಆಲ್ಕೋಹಾಲ್ ಅದನ್ನ ಸುತ್ತುವರಿದು ಒಳಗೆ ಎಳೆದುಕೊಳ್ಳುತ್ತೆ. ನೀರು ಹಾಕಿದರೆ ರುಚಿ ಮೇಲೆ ಬರುತ್ತೆ, ಹಾಳಾಗಲ್ಲ.

ನೀಟ್_ನಾಗಣ್ಣ:
ಒಪ್ಪಿದೆ ಅಂತ ನನ್ನ ಬಾಯಿಗೆ ಮಾತು ತುರುಕಬೇಡಿ. ಆ ಸಂಶೋಧನೆ ನಾನೂ ನೋಡಿದ್ದೀನಿ. ಕಂಪ್ಯೂಟರಲ್ಲಿ ಮಾಡಿದ ಲೆಕ್ಕ ಅದು, ಯಾರೂ ಗ್ಲಾಸು ಹಿಡಿದು ಕುಡಿದು ಹೇಳಿದ್ದಲ್ಲ. ಅದೂ ಯಾವ ಅಣು? ಗ್ವಾಯಕಾಲ್ ಅಂದ್ರೆ ಹೊಗೆ ವಾಸನೆಯದ್ದು! ಕೇಳಿದವರು ಹೊಗೆ ಬೇಡ ಅಂತಿದ್ದಾರೆ, ನೀವು ನೀರು ಹಾಕಿ ಹೊಗೆ ಮೇಲಕ್ಕೆ ತನ್ನಿ ಅಂತೀರಿ.

ಹೊಗೆ_ಪ್ರಿಯ:
ನಾನು ಇದನ್ನೇ ಕಾಯ್ತಿದ್ದೆ. ಹೊಗೆ ವಿಸ್ಕಿಗೆ ನಾಲ್ಕು ಹನಿ ನೀರು ಬಿಟ್ಟರೆ ಹೊಗೆಯ ಹಿಂದೆ ಅಡಗಿದ ಹಣ್ಣು, ಉಪ್ಪು ಎಲ್ಲ ಹೊರಗೆ ಬರ್ತದೆ. ಹೊಸಬರಿಗೆ ನೀಟ್ ಕೊಟ್ಟು ಓಡಿಸುವುದು ನಾಗಣ್ಣನಂಥವರು, ಹೆಸರು ಕೆಡುವುದು ಪೀಟಿಗೆ.

ನೀಟ್_ನಾಗಣ್ಣ:
ಓಡಿಸ್ತಿರೋದು ನಾನಾ? ಲ್ಯಾಫ್ರೋಯ್ಗ್, ಆರ್ಡ್‌ಬೆಗ್ ಅಂತ ಐಲಾದ ಹೊಗೆ ವಿಸ್ಕಿನೇ ಬಂದವರಿಗೆಲ್ಲ ಹಿಡಿಸಿ, ಹಿಡಿಸದಿದ್ರೆ ನಿಮಗೆ ರುಚಿ ಗೊತ್ತಿಲ್ಲ ಅನ್ನೋರು ನಿಮ್ಮ ಗುಂಪಿನವರು. ಆರ್ಡ್‌ಬೆಗ್ ಬಾರ್ಲಿಲಿ ಫೀನಾಲ್ 55 ಪಿಪಿಎಂ, ಅಂದ್ರೆ ಹತ್ತು ಲಕ್ಷ ಭಾಗಕ್ಕೆ 55. ಹೊಸಬ ಬೆಚ್ಚಿಬೀಳದೆ ಇನ್ನೇನು ಮಾಡ್ತಾನೆ?

ಹೊಗೆ_ಪ್ರಿಯ:
55 ಅಂತ ನೀವೇ ಹೇಳಿದ್ರಿ, ಬಾರ್ಲಿಯಲ್ಲಿ ಅಂತಲೂ ಹೇಳಿದ್ರಿ. ಗ್ಲಾಸಿಗೆ ಬರುವಾಗ ಅಷ್ಟು ಉಳಿಯುವುದೇ ಇಲ್ಲ, ಕುದಿಸುವಾಗ, ಇಳಿಸುವಾಗ ಎಷ್ಟೋ ಹೋಗ್ತದೆ. ಗೊತ್ತಿದ್ದೂ ಸಂಖ್ಯೆ ತೋರಿಸಿ ಹೆದರಿಸಬೇಡಿ.

ಜೋಳದ_ಪೀಪಾಯಿ:
ನೀರಿನ ಜಗಳ ಬಿಡ್ರಿ. ಬರ್ಫ ಹಾಕ್ರಿ ಮುಗೀತು. ತಣ್ಣಗಾದ್ರ ಉರಿ ಇಲ್ಲ. ಬರ್ಬನ್ ಮ್ಯಾಲ ಒಂದು ದೊಡ್ಡ ಬರ್ಫದ ತುಂಡು, ಅದರ ಮುಂದ ನಿಮ್ಮ ವಾದ ಯಾವದೂ ನಿಲ್ಲೂದಿಲ್ರಿ.

ತಾಮ್ರದ_ಹಂಡೆ:
"ತಣ್ಣಗಾದ್ರ ಉರಿ ಇಲ್ಲ" ಅಂದದ್ದಕ್ಕೆ ಕಾರಣ ಇದೆ. ಮೆಣಸಿನ ಖಾರ ಗುರುತಿಸೋ ಅದೇ ನರಗ್ರಾಹಿ, ಟಿಆರ್‌ಪಿವಿ1 ಅಂತಾರೆ, ಮಾಮೂಲಿಯಾಗಿ ಸುಮಾರು 42 ಡಿಗ್ರಿ ಬಿಸಿಗೆ ಎಚ್ಚರಗೊಳ್ಳುತ್ತೆ. ಆಲ್ಕೋಹಾಲ್ ಸೋಕಿದರೆ ಆ ಮಟ್ಟ ಸುಮಾರು 34ಕ್ಕೆ ಇಳಿಯುತ್ತೆ ಅಂತ 2002ರಲ್ಲೇ ತೋರಿಸಿದ್ದಾರೆ. ನಮ್ಮ ಗಂಟಲೇ ಅದಕ್ಕಿಂತ ಬೆಚ್ಚಗಿರುತ್ತೆ, ಹಾಗಾಗಿ ನಮ್ಮ ಮೈಶಾಖವೇ ನಮಗೆ ಸುಟ್ಟ ಹಾಗೆ ಅನ್ನಿಸುತ್ತೆ. ಆಲ್ಕೋಹಾಲ್ ಪ್ರಮಾಣ ಇಳಿಸಿ, ಉರಿ ಇಳಿಯುತ್ತೆ. ಬರ್ಫ ಆ ಕೆಲಸ ಮಾಡುತ್ತೆ, ಆದರೆ ತಣ್ಣಗಾದಷ್ಟೂ ಪರಿಮಳ ಮೇಲೇಳಲ್ಲ, ಮೂಗಿಗೆ ಏನೂ ಸಿಗಲ್ಲ. ನಿಧಾನಕ್ಕೆ ರುಚಿ ನೋಡಬೇಕು ಅನ್ನೋರಿಗೆ ನೀರೇ ಸರಿ.

ನೀಟ್_ನಾಗಣ್ಣ:
"ನೀರೇ ಸರಿ". ಎಲ್ಲಿಗೆ ಹೋದರೂ ಅಲ್ಲಿಗೇ ಬರ್ತೀರಿ. ಇಷ್ಟು ನರಶಾಸ್ತ್ರ ಓದಿ ವಿಸ್ಕಿ ಕುಡಿಯೋ ಜನ ನಾನು ನೋಡಿಲ್ಲ. ಕೆಲವು ಒಳ್ಳೇ ಬಾಟಲಿಗೆ ನೀರು ಬೆರೆಸಿದ ತಕ್ಷಣ ಮಂಜು ಮಂಜಾಗಿಬಿಡುತ್ತೆ, ನೋಡಿದ್ದೀರಾ? ಕಣ್ಣೆದುರೇ ಕೆಡೋದು ಕಾಣುತ್ತೆ.

ತಾಮ್ರದ_ಹಂಡೆ:
ಅದು ಕೆಡೋದಲ್ಲ! ಕೊಬ್ಬಿನ ಆಮ್ಲಗಳಿಂದ ಆದ ಎಸ್ಟರುಗಳು 46%ಗಿಂತ ಕೆಳಗೆ ಬಂದಾಗ ಕರಗಿ ನಿಲ್ಲಲಾರದೆ ಮಬ್ಬಾಗಿ ಕಾಣಿಸ್ತವೆ. ನಾಲಿಗೆಗೆ ಮೈಗಟ್ಟು ಕೊಡೋ ಅಂಶ ಅದು. ಆ ಮಬ್ಬಿಗೆ ಗಿರಾಕಿ ಹೆದರ್ತಾನೆ ಅಂತಲೇ ಎಷ್ಟೋ ಕಂಪನಿಗಳು ವಿಸ್ಕಿಯನ್ನ ತಣ್ಣಗೆ ಮಾಡಿ ಸೋಸಿ ತೆಗೆದುಬಿಡ್ತವೆ. ಬುನ್ನಹಾವೆನ್ 46.3% ಯಾಕಿದೆ ಅಂದ್ರೆ ಹಾಗೆ ಸೋಸದೆ ಬಿಡೋಕೆ. ಕೆಟ್ಟಿದೆ ಅಂತ ಹೊಸಬರ ತಲೆಗೆ ತುಂಬಬೇಡಿ, ನಿಜವಾಗಲೂ ಬೇಜಾರಾಗುತ್ತೆ.

ಹೊಗೆ_ಪ್ರಿಯ:
ಬುನ್ನಹಾವೆನ್ ಹೆಸರು ಬಂತಲ್ಲ, ಅಷ್ಟು ಸಾಕು ನನಗೆ.

ಮೂರು_ಭಟ್ಟಿ:
46ರ ಮೇಲಿನದಕ್ಕೆ ನೀರು ಬೆರೆಸಿ 30ಕ್ಕೆ ತರೋ ಬದಲು ಮೊದಲೇ ಹಗುರವಾಗಿರೋದನ್ನ ತಗೊಂಡ್ರೆ ಆಗಲ್ವಾ? ನಾನು ಮೊದಲನೇ ಉತ್ತರದಲ್ಲೇ ಹೇಳಿದ್ದು ಇದನ್ನೇ.

ಸಾದಾ_ಬ್ಲೆಂಡ್:
ನೀವು ಹೊಗಳೋ ಜೇಮ್ಸನ್ ಕೂಡ ಬ್ಲೆಂಡೇ ಸಾರ್. ಕಾರ್ಕ್ ಕೌಂಟಿಯ ಮಿಡಲ್‌ಟನ್‌ನಲ್ಲಿ ಹಂಡೆಯಲ್ಲಿ ಇಳಿಸಿದ ಪಾಟ್ ಸ್ಟಿಲ್ ವಿಸ್ಕಿಗೆ ಗ್ರೇನ್ ವಿಸ್ಕಿ ಬೆರೆಸಿ ಮಾಡ್ತಾರೆ. ಆ ಗ್ರೇನ್ ಬರೋದು ಕಾಲಂ ಸ್ಟಿಲ್‌ನಿಂದ, ಅಂದ್ರೆ ಎಡೆಬಿಡದೆ ಭಟ್ಟಿ ಇಳಿಸೋ ಕಂಬದಂಥ ಯಂತ್ರದಿಂದ. 1830ರಲ್ಲಿ ಆ ಯಂತ್ರಕ್ಕೆ ಪೇಟೆಂಟ್ ಪಡೆದ ಈನಿಯಸ್ ಕಾಫಿ ಐರ್ಲೆಂಡಿನ ಅಬಕಾರಿ ಅಧಿಕಾರಿಯಾಗಿದ್ದವನು. ಅಲ್ಲಿನವರು ಬೇಡ ಅಂದರು, ಸ್ಕಾಟ್ಲೆಂಡಿನವರು ಕೈ ಹಿಡಿದರು. ನಿಮ್ಮ ಹಗುರತನದ ಯಶಸ್ಸೆಲ್ಲ ಮೂರು ಭಟ್ಟಿಗೇ ಕೊಡಬೇಡಿ.

ಮೂರು_ಭಟ್ಟಿ:
ಕಾಫಿ ಐರ್ಲೆಂಡಿನವನು ಅಂತ ನೀವೇ ಬರೆದ್ರಲ್ಲ. ಹಾಗಾದ್ರೆ ಹಗುರ ಬ್ಲೆಂಡಿಗೆ ದಾರಿ ಮಾಡಿದ್ದೂ ನಮ್ಮ ಐರಿಶ್ಶೇ.

ಹೊಸ_ಗ್ಲಾಸು:
ಎಲ್ಲರಿಗೂ ಥ್ಯಾಂಕ್ಸ್, ಇಷ್ಟು ಬರುತ್ತೆ ಅಂದುಕೊಂಡಿರಲಿಲ್ಲ. ಒಂದು ಅನುಮಾನ. ನಾಗಣ್ಣ 18 ವರ್ಷದ್ದು ಅಂದ್ರಿ. ಹಳೆಯದಾದಷ್ಟೂ ನಿಜಕ್ಕೂ ಸ್ಮೂತಾ? ಬಣ್ಣ ಗಾಢ ಇದ್ರೆ ಹಳೇದು ಅಂತ ತಿಳಿಯಬಹುದಾ?

ನೀಟ್_ನಾಗಣ್ಣ:
ನಿಜಕ್ಕೂ ಹೌದು. ಕಾನೂನೇ ಸ್ಕಾಚ್ ಕನಿಷ್ಠ 3 ವರ್ಷ ಓಕ್‌ನಲ್ಲಿ ಇರಬೇಕು ಅಂತ ಹೇಳುತ್ತೆ. ಸುಮ್ಮನೆ ಹೇಳುತ್ತಾ? ಸುಟ್ಟ ಮರದ ಇದ್ದಿಲು ಗಂಧಕದ ಕೆಟ್ಟ ವಾಸನೆ ಹೀರಿಕೊಳ್ಳುತ್ತೆ, ಮರದ ಸಿಹಿ ಒಳಗೆ ಇಳಿಯುತ್ತೆ. ಇದಕ್ಕೆ ಸಮಯ ಬೇಕು ಗುರು. ಲೇಬಲ್ ಮೇಲೆ 12 ಅಂದ್ರೆ ಒಳಗಿರೋದ್ರಲ್ಲಿ ಅತಿ ಎಳೆಯದು 12, ಮಿಕ್ಕಿದ್ದು ಅದಕ್ಕಿಂತ ಹಳೇದೂ ಇರಬಹುದು.

ಜೋಳದ_ಪೀಪಾಯಿ:
"ಇದಕ್ಕೆ ಸಮಯ ಬೇಕು" ಅಂತೀರಿ, ಹೊಸಾ ಪೀಪಾಯಿಗೆ ಅಷ್ಟು ಬೇಕಾಗಂಗಿಲ್ರಿ. ಬರ್ಬನ್ ಕಡಿಮಿ ವರ್ಷದಾಗ ತಯಾರಾಗ್ತದ. ಭಾಳ ವರ್ಷ ಇಟ್ರ ಕಟ್ಟಿಗಿ ಒಗರು ಹತ್ತತದ. ವರ್ಷ ಎಣಿಸೂದಕ್ಕಿಂತ ಪೀಪಾಯಿ ಯಾವುದು ಅನ್ನೂದು ನೋಡ್ರಿ.

ತಾಮ್ರದ_ಹಂಡೆ:
ಬಣ್ಣ ನಂಬಬೇಡಿ. ಸ್ಕಾಚ್‌ಗೂ ಐರಿಶ್‌ಗೂ ಇ150ಎ ಕ್ಯಾರಮೆಲ್ ಬಣ್ಣ ಸೇರಿಸೋಕೆ ಅನುಮತಿ ಇದೆ. ಗಾಢ ಕಂಡರೆ ಶೆರ್ರಿ ವೈನ್ ತುಂಬಿದ್ದ ಪೀಪಾಯಿ ಇರಬಹುದು, ಬಣ್ಣವೂ ಇರಬಹುದು. ನಿಮಗೆ ನನ್ನ ಸಲಹೆ ಗ್ಲೆನ್‌ಮೊರಾಂಜಿ ಒರಿಜಿನಲ್. ಹೊಗೆ ಇಲ್ಲ, ಬರ್ಬನ್ ಪೀಪಾಯಿಯ ವೆನಿಲಾ ಸಿಹಿ ಇದೆ. ಮೊದಲು ನೀಟ್ ಮೂಸಿ, ಬಾಯಿ ಸ್ವಲ್ಪ ತೆರೆದಿರಲಿ, ಮೂಗು ಗ್ಲಾಸಿನೊಳಗೆ ಪೂರ್ತಿ ಇಳಿಸಬೇಡಿ. ಆಮೇಲೆ ಒಂದೊಂದೇ ಚಮಚ ನೀರು.

ಹೊಸ_ಗ್ಲಾಸು:
ಗ್ಲೆನ್‌ಮೊರಾಂಜಿ ಅಥವಾ ಚಿವಾಸ್, ಎರಡರಲ್ಲೊಂದು. ಬಹುಶಃ ಗ್ಲೆನ್‌ಮೊರಾಂಜಿನೇ. ಮೊದಲ ಗುಟುಕು ನೀಟ್, ಆಮೇಲೆ ನೀರು ಹಾಕಿ ನೋಡ್ತೀನಿ.

ಮೂರು_ಭಟ್ಟಿ:
ಗ್ಲೆನ್‌ಮೊರಾಂಜಿ ಎರಡೇ ಸಲ ಭಟ್ಟಿ ಇಳಿಸಿದ್ದು, ಗೊತ್ತಿರಲಿ.

ತಾಮ್ರದ_ಹಂಡೆ:
ಎರಡೇ ಸಲ, ಆದರೆ ಹಂಡೆಯ ಕುತ್ತಿಗೆ 5 ಮೀಟರಿಗಿಂತ ಎತ್ತರ, ಸ್ಕಾಟ್ಲೆಂಡಿನಲ್ಲೇ ಅತಿ ಎತ್ತರದ್ದು. ಭಾರದ ಹಬೆ ಅಷ್ಟು ಮೇಲೆ ಹತ್ತಲಾರದೆ ವಾಪಸ್ ಜಾರುತ್ತೆ, ದಾರಿಯುದ್ದಕ್ಕೂ ತಾಮ್ರಕ್ಕೆ ತಾಗುತ್ತೆ. ಹಗುರ ಆಗೋದಕ್ಕೆ ಮೂರನೇ ಸಲ ಒಂದೇ ದಾರಿ ಅಲ್ಲ.

ನೀಟ್_ನಾಗಣ್ಣ:
"ಮೊದಲ ಗುಟುಕು ನೀಟ್". ಸರಿಯಾಗಿದೆ. ಅಲ್ಲಿಗೇ ನಿಲ್ಲಿಸು ಗುರು, ಎರಡನೇ ಗುಟುಕೂ ಹಾಗೇ ಇರಲಿ.

ತಾಮ್ರದ_ಹಂಡೆ:
ಎರಡನೇ ಗುಟುಕಿಗೆ ಒಂದು ಚಮಚ. ನಾಗಣ್ಣನ ಮಾತು ಕೇಳಬೇಡಿ.

ಜೋಳದ_ಪೀಪಾಯಿ:
ಗ್ಲೆನ್‌ಮೊರಾಂಜಿದಾಗ ವೆನಿಲಾ ಬಂದದ್ದು ಬರ್ಬನ್ ಪೀಪಾಯಿಂದ ಅಂತ ಮೇಡಂನ ಬರದಾರ, ಎಲ್ಲಾರೂ ಓದ್ಕೊಂಡ್ರಿಲ್ಲೋ?